ಮೂರು ಸಾವಿರಕ್ಕೆ ನಿಂತ ಲೆಕ್ಕ: ರೊಬೆರ್ಟೊ ಕ್ಲೆಮೆಂಟೆ ಅವರ ಕೊನೆಯ ಬೇಸ್‌ಬಾಲ್ ವರ್ಷ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ವಸಂತದಲ್ಲಿ ಶುರುವಾಗಿ ಶರತ್ಕಾಲದಲ್ಲಿ ಮುಗಿಯುತ್ತದೆ. ಚಳಿ ಬಿದ್ದ ಮೇಲೆ ಅಲ್ಲಿನ ಮೈದಾನಗಳಿಗೆ ಬೀಗ. ಅದೇ ಹೊತ್ತಿಗೆ ಕೆರಿಬಿಯನ್ ದ್ವೀಪಗಳಲ್ಲಿ ಆಟ ರಂಗೇರುತ್ತದೆ. ಪೋರ್ಟೊ ರಿಕೊ, ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾ, ಕ್ಯೂಬಾ, ನಿಕರಾಗುವಾ ಜನರಿಗೆ ಬೇಸ್‌ಬಾಲ್ ಎಂದರೆ ನಮಗೆ ಕ್ರಿಕೆಟ್ ಇದ್ದ ಹಾಗೆ. ಬೀದಿಯಲ್ಲೂ ಅದೇ, ರೇಡಿಯೊದಲ್ಲೂ ಅದೇ, ರಾಜಕೀಯದ ಮಾತಿನ ನಡುವೆಯೂ ಅದೇ. ಬೇಸಿಗೆಯಲ್ಲಿ ಅಮೆರಿಕದಲ್ಲಿ, ಚಳಿಗಾಲದಲ್ಲಿ ತಮ್ಮೂರಿನಲ್ಲಿ ಆಡುವ ಅಲ್ಲಿನ ಆಟಗಾರರಿಗೆ ವರ್ಷದ ಹನ್ನೆರಡು ತಿಂಗಳೂ ಬೇಸ್‌ಬಾಲ್.

ರೊಬೆರ್ಟೊ ಕ್ಲೆಮೆಂಟೆ ಅಂಥವರಲ್ಲಿ ಬಹಳ ದೊಡ್ಡ ಹೆಸರು. ಪಿಟ್ಸ್‌ಬರ್ಗ್ ಪೈರೇಟ್ಸ್ ಎಂಬ ಒಂದೇ ತಂಡಕ್ಕೆ 18 ಋತು ಆಡಿದವರು. 1972 ಅವರ ಪಾಲಿನ ಕೊನೆಯ ವರ್ಷ. ಫ್ಲೋರಿಡಾದ ತರಬೇತಿ ಶಿಬಿರದಲ್ಲಿ ಶುರುವಾದ ಆ ವರ್ಷ ಪಿಟ್ಸ್‌ಬರ್ಗ್, ಸಿನ್ಸಿನಾಟಿ, ನಿಕರಾಗುವಾದ ಮನಾಗುವಾ ಸುತ್ತಿ, ಡಿಸೆಂಬರ್ 31ರ ರಾತ್ರಿ ಪೋರ್ಟೊ ರಿಕೊದ ಕಡಲಿನಲ್ಲಿ ಮುಗಿಯಿತು. ಆಗ ಅವರಿಗೆ 38 ವರ್ಷ.

ಕಬ್ಬಿನ ಗದ್ದೆಯ ಊರಿನಿಂದ

ಕ್ಲೆಮೆಂಟೆ ಹುಟ್ಟಿದ್ದು 1934ರ ಆಗಸ್ಟ್ 18ರಂದು, ಪೋರ್ಟೊ ರಿಕೊದ ಕರೋಲಿನಾ ಪಟ್ಟಣದ ಸ್ಯಾನ್ ಆಂಟೊನ್ ಎಂಬ ಕೇರಿಯಲ್ಲಿ. ಈ ದ್ವೀಪ 1898ರಲ್ಲಿ ಸ್ಪೇನ್‌ ಕೈಯಿಂದ ಅಮೆರಿಕದ ಕೈಗೆ ಬಂದದ್ದು. 1917ರಿಂದ ಅಲ್ಲಿನವರು ಅಮೆರಿಕದ ಪ್ರಜೆಗಳು. ಆದರೆ ಮಾತು ಸ್ಪ್ಯಾನಿಷ್. ಪಾಸ್‌ಪೋರ್ಟ್ ಒಂದು, ಮನೆಮಾತು ಇನ್ನೊಂದು. ಕ್ಲೆಮೆಂಟೆ ಬದುಕಿನ ಅರ್ಧ ಜಗಳ ಇಲ್ಲಿಂದಲೇ ಹುಟ್ಟಿದ್ದು.

ತಂದೆ ಮೆಲ್ಚೋರ್ ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿ. ತಾಯಿ ಲೂಯಿಸಾ ವಾಕರ್. ಮನೆಯ ಏಳು ಮಕ್ಕಳಲ್ಲಿ ರೊಬೆರ್ಟೊ ಕೊನೆಯವನು. ಏನು ಹೇಳಿದರೂ ಸ್ವಲ್ಪ ತಡಿ, ಬಂದೆ ಎನ್ನುತ್ತಿದ್ದ ಹುಡುಗನಿಗೆ ಮನೆಯವರು ಆ ಅರ್ಥದ ಸ್ಪ್ಯಾನಿಷ್ ಪದದಿಂದಲೇ ಮೊಮೆನ್ ಎಂದು ಅಡ್ಡಹೆಸರಿಟ್ಟರು. ಸೈಕಲ್ ಬೇಕೆಂದಾಗ ತಂದೆ ದುಡಿದು ತಗೋ ಎಂದರಂತೆ. ದಿನವೂ ಹಾಲಿನ ಕ್ಯಾನ್ ಹೊತ್ತು ಪುಡಿಗಾಸು ಕೂಡಿಟ್ಟು 27 ಡಾಲರ್ ಆಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು.

ಆಟದ ಸಾಮಾನುಗಳೂ ಮನೆಯಲ್ಲೇ ಹುಟ್ಟಿದವು. ಸೀಬೆಮರದ ಕೊಂಬೆ ಬ್ಯಾಟ್, ಕಾಫಿ ಮೂಟೆಯ ಗೋಣಿ ಗ್ಲೌಸ್. ಚಳಿಗಾಲದಲ್ಲಿ ರಾಜಧಾನಿ ಸ್ಯಾನ್ ಹ್ವಾನ್‌ಗೆ ಬಸ್ ಹಿಡಿದು ಲೀಗ್ ಪಂದ್ಯ ನೋಡುವುದು ಹುಡುಗನ ದೊಡ್ಡ ಖುಷಿ. ಆ ಲೀಗ್‌ಗೆ ಅಮೆರಿಕದಿಂದ ಕಪ್ಪು ಆಟಗಾರರೂ ಬರುತ್ತಿದ್ದರು. ಬಣ್ಣದ ಕಾರಣಕ್ಕೆ ಮೇಜರ್ ಲೀಗ್‌ನ ಬಾಗಿಲು 1947ರವರೆಗೆ ಅವರಿಗೆ ಮುಚ್ಚಿತ್ತು. ಪೋರ್ಟೊ ರಿಕೊದಲ್ಲಿ ಮಾತ್ರ ಅವರು ಸ್ಟಾರ್‌ಗಳು. ಅವರಲ್ಲೊಬ್ಬ ಮಾಂಟಿ ಇರ್ವಿನ್. ಇರ್ವಿನ್ ಅವರ ಕಿಟ್ ಬ್ಯಾಗ್ ಹೊತ್ತುಕೊಂಡು ಮೈದಾನದೊಳಗೆ ನುಗ್ಗುವುದನ್ನು ಹುಡುಗ ಕಲಿತ. ಅವರ ಎಸೆತವನ್ನು ಕಣ್ಣಲ್ಲೇ ಕಲಿತ.

ಶಾಲೆಯಲ್ಲಿ ಜಾವೆಲಿನ್ ಎಸೆತದಲ್ಲೂ ಮುಂದು. ನೀರಜ್ ಚೋಪ್ರಾ ದೆಸೆಯಿಂದ ಆ ಆಟ ಈಗ ನಮಗೆಲ್ಲ ಗೊತ್ತು. ಭುಜ, ಸೊಂಟ, ಓಟ ಮೂರೂ ಒಂದೇ ಕ್ಷಣದಲ್ಲಿ ಕೂಡಿಬರಬೇಕು. ಮುಂದೆ ಕ್ಲೆಮೆಂಟೆ ಎಸೆತ ನೋಡಿದವರು ಅದರ ಮೂಲವನ್ನು ಜಾವೆಲಿನ್‌ನಲ್ಲಿ ಹುಡುಕಿದರು. ಕ್ಲೆಮೆಂಟೆ ಮಾತ್ರ ಅದು ಅಮ್ಮನ ತೋಳಿನ ಬಲ ಎನ್ನುತ್ತಿದ್ದರು.

1952ರಲ್ಲಿ, 18 ತುಂಬಿದ ಕೆಲವೇ ವಾರಗಳಿಗೆ, ಸಾಂಟುರ್ಸೆ ತಂಡ ವಾರಕ್ಕೆ 40 ಡಾಲರ್ ಸಂಬಳಕ್ಕೆ ಸೇರಿಸಿಕೊಂಡಿತು. 1954-55ರ ಚಳಿಗಾಲದಲ್ಲಿ ಆ ತಂಡದಲ್ಲಿ ಕ್ಲೆಮೆಂಟೆ ಪಕ್ಕದಲ್ಲೇ ಫೀಲ್ಡಿಂಗ್‌ಗೆ ನಿಂತವರು ವಿಲ್ಲಿ ಮೇಸ್, ಆಗಷ್ಟೇ ನ್ಯೂಯಾರ್ಕ್ ಜೈಂಟ್ಸ್ ಜತೆ ವರ್ಲ್ಡ್ ಸೀರೀಸ್ ಗೆದ್ದು ಬಂದಿದ್ದ ಮಹಾನ್ ಆಟಗಾರ. ಆ ತಂಡ ಕ್ಯಾರಕಸ್‌ನಲ್ಲಿ ನಡೆದ ಕೆರಿಬಿಯನ್ ಸೀರೀಸ್ ಗೆದ್ದಿತು. ಅಮೆರಿಕದ ದೊಡ್ಡ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡುವ ಮೊದಲೇ ಕ್ಲೆಮೆಂಟೆ ಹೀಗೆ ಮೂರು ಚಳಿಗಾಲದ ಆಟ ಮುಗಿಸಿದ್ದರು.

4,000 ಡಾಲರ್‌ಗೆ ಪಿಟ್ಸ್‌ಬರ್ಗ್

1954ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ 10,000 ಡಾಲರ್ ಬೋನಸ್ ಕೊಟ್ಟು ಕ್ಲೆಮೆಂಟೆ ಅವರನ್ನು ಸೇರಿಸಿಕೊಂಡಿತು. ಬೆನ್ನಲ್ಲೇ ಇನ್ನೊಂದು ತಂಡ ಅದರ ಎರಡು ಪಟ್ಟಿಗೂ ಹೆಚ್ಚು ಹಣ ಮುಂದಿಟ್ಟಿತು. ಕೊಟ್ಟ ಮಾತು ಮಾತೇ ಎಂದು ಮನೆಯವರು ತೀರ್ಮಾನಿಸಿದರು. ಡಾಡ್ಜರ್ಸ್ ಅವರನ್ನು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ತನ್ನ ಕಿರಿಯ ತಂಡಕ್ಕೆ ಕಳಿಸಿತು. ಅಲ್ಲಿ ಹೆಚ್ಚಿನ ದಿನ ಬೆಂಚೇ ಗತಿ.

ಆಗಿನ ನಿಯಮ ಹೀಗಿತ್ತು: 4,000 ಡಾಲರ್‌ಗಿಂತ ಹೆಚ್ಚು ಬೋನಸ್ ಪಡೆದ ಹೊಸ ಆಟಗಾರನನ್ನು ಕಿರಿಯ ತಂಡದಲ್ಲಿ ಇಟ್ಟರೆ, ಋತು ಮುಗಿದ ಮೇಲೆ ಬೇರೆ ತಂಡದವರು ಡ್ರಾಫ್ಟ್‌ನಲ್ಲಿ ಎತ್ತಿಕೊಳ್ಳಬಹುದು. ಬೇರೆಯವರ ಕಣ್ಣಿಗೆ ಬೀಳದಿರಲಿ ಎಂದೇ ಡಾಡ್ಜರ್ಸ್ ಅವರನ್ನು ಬಚ್ಚಿಟ್ಟಿತು ಎಂಬ ಮಾತು ದಶಕಗಳ ಕಾಲ ಓಡಾಡಿತು. ಈಚಿನ ಸಂಶೋಧಕರು ಪಂದ್ಯಗಳ ದಾಖಲೆ ಕೆದಕಿ ಅದನ್ನು ಪ್ರಶ್ನಿಸಿದ್ದಾರೆ. ಬಚ್ಚಿಟ್ಟಿದ್ದರೂ ಫಲಿಸಲಿಲ್ಲ ಎನ್ನುವುದಂತೂ ನಿಜ. ಇನ್ನೊಬ್ಬ ಆಟಗಾರನನ್ನು ನೋಡಲು ಬಂದ ಪೈರೇಟ್ಸ್‌ನ ಕ್ಲೈಡ್ ಸುಕ್‌ಫೋರ್ತ್, ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಕ್ಲೆಮೆಂಟೆ ಎಸೆತ ಕಂಡು ಬಂದ ಕೆಲಸವನ್ನೇ ಮರೆತರು. 1954ರ ನವೆಂಬರ್ 22ರಂದು ಪೈರೇಟ್ಸ್ 4,000 ಡಾಲರ್ ಕಟ್ಟಿ ಅವರನ್ನು ಎತ್ತಿಕೊಂಡಿತು. ಬೇಸ್‌ಬಾಲ್ ಚರಿತ್ರೆಯಲ್ಲಿ ಇಷ್ಟು ಅಗ್ಗದ ವ್ಯಾಪಾರ ಹೆಚ್ಚು ನಡೆದಿಲ್ಲ.

ಅದೇ ಚಳಿಗಾಲ ಮನೆಯಲ್ಲಿ ದುಃಖ. ಅಣ್ಣ ಲೂಯಿಸ್ ಮೆದುಳಿನ ಗೆಡ್ಡೆಯಿಂದ ಸಾವಿನ ಹಾಸಿಗೆಯಲ್ಲಿದ್ದರು. ಅವರನ್ನು ನೋಡಿ ಬರುವ ದಾರಿಯಲ್ಲಿ ಕುಡಿದ ಚಾಲಕನೊಬ್ಬ ಕ್ಲೆಮೆಂಟೆ ಕಾರಿಗೆ ಗುದ್ದಿದ. ಬೆನ್ನುಮೂಳೆಗೆ ಬಿದ್ದ ಆ ಪೆಟ್ಟು ಕೊನೆವರೆಗೂ ಕಾಡಿತು. ಬ್ಯಾಟಿಂಗ್‌ಗೆ ನಿಲ್ಲುವ ಮೊದಲು ಕತ್ತನ್ನು ಆ ಕಡೆ ಈ ಕಡೆ ಹೊರಳಿಸುವುದು ಅವರ ಗುರುತಾಯಿತು. ನೋವು ಎಂದಾಗಲೆಲ್ಲ ಪತ್ರಿಕೆಯವರು ಅದನ್ನು ನೆಪ ಎಂದರು. ನೆಪ ಹೇಳುವವನು 18 ವರ್ಷ ಆಡುತ್ತಾನೆಯೇ ಎಂದು ಯಾರೂ ಕೇಳಲಿಲ್ಲ.

ಬಾಬ್ ಆಗಲೊಲ್ಲದ ರೊಬೆರ್ಟೊ

1955ರ ಏಪ್ರಿಲ್ 17ರಂದು ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್‌ನಲ್ಲಿ ಮೊದಲ ಪಂದ್ಯ. ಪಟ್ಟಿಯ ತಳದಲ್ಲಿದ್ದ ತಂಡ. ಉಕ್ಕಿನ ಕಾರ್ಖಾನೆಗಳ ಊರು. ಸ್ಪ್ಯಾನಿಷ್ ಮಾತಾಡುವವರು ಬೆರಳೆಣಿಕೆ. ಊರು ಬಿಟ್ಟು ಬೇರೆ ಭಾಷೆಯ ಶಹರದಲ್ಲಿ ಅನ್ನ ಹುಡುಕಿದವರಿಗೆ ಆ ಮೊದಲ ವರ್ಷಗಳ ಒಂಟಿತನವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಸಾಲದೆಂಬಂತೆ ಹೆಸರನ್ನೂ ಬದಲಿಸಿದರು. ರೊಬೆರ್ಟೊ ಎನ್ನಲು ಬಾಯಿ ತಿರುಗದವರು ಬಾಬ್ ಎಂದರು, ಬಾಬಿ ಎಂದರು. 1957ರಿಂದ 1969ರವರೆಗೆ ಮಕ್ಕಳು ಕೂಡಿಡುವ ಟಾಪ್ಸ್ ಕಂಪನಿಯ ಕಾರ್ಡುಗಳ ಮೇಲೆ ಬಾಬ್ ಕ್ಲೆಮೆಂಟೆ ಎಂದೇ ಅಚ್ಚಾಯಿತು. ತಾನು ರೊಬೆರ್ಟೊ ಎಂದು ಅವರು ಪ್ರತಿ ಬಾರಿ ತಿದ್ದಿದರು. ವರದಿಗಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅವರ ಇಂಗ್ಲಿಷ್ ಉಚ್ಚಾರವನ್ನು ಹಾಗೆಹಾಗೇ ಅಕ್ಷರಕ್ಕಿಳಿಸಿ ನಗೆಪಾಟಲು ಮಾಡಿದರು. ಯೋಚನೆ ಮಾಡಿ ಮಾತಾಡುವ ಮನುಷ್ಯ ಮರುದಿನದ ಪತ್ರಿಕೆಯಲ್ಲಿ ಪೆದ್ದನ ಹಾಗೆ ಕಾಣುತ್ತಿದ್ದ. ಈ ಅವಮಾನವನ್ನು ಕ್ಲೆಮೆಂಟೆ ಮರೆಯಲಿಲ್ಲ, ಮುಚ್ಚಿಡಲೂ ಇಲ್ಲ.

ಜೆರ್ಸಿಯ ಸಂಖ್ಯೆಯಲ್ಲೂ ಹೆಸರೇ ಇತ್ತು. ಸ್ಪ್ಯಾನಿಷ್ ಪದ್ಧತಿಯಲ್ಲಿ ತಂದೆಯ ಮನೆತನದ ಹೆಸರಿನ ನಂತರ ತಾಯಿಯ ಮನೆತನದ ಹೆಸರು ಬರುತ್ತದೆ. ರೊಬೆರ್ಟೊ ಕ್ಲೆಮೆಂಟೆ ವಾಕರ್ ಎಂಬುದರ ಇಂಗ್ಲಿಷ್ ಅಕ್ಷರ ಎಣಿಸಿದರೆ 21. ಅದನ್ನೇ ಆರಿಸಿಕೊಂಡರು ಎನ್ನುತ್ತಾರೆ.

ಫ್ಲೋರಿಡಾದ ಫೋರ್ಟ್ ಮೈಯರ್ಸ್‌ನಲ್ಲಿ ಪ್ರತಿ ವಸಂತದಲ್ಲೂ ತರಬೇತಿ. ಅಲ್ಲಿ ಬಿಳಿಯ ಆಟಗಾರರಿಗೆ ಹೋಟೆಲು. ಕಪ್ಪು ಆಟಗಾರರಿಗೆ ಊರಿನ ಇನ್ನೊಂದು ತುದಿಯಲ್ಲಿ ಯಾರದೋ ಮನೆ. ದಾರಿಯಲ್ಲಿ ಬಸ್ ಊಟಕ್ಕೆ ನಿಂತರೆ ಇವರು ಬಸ್ಸಲ್ಲೇ ಕೂತಿರಬೇಕು, ಒಳಗಿನಿಂದ ಯಾರಾದರೂ ತಂದುಕೊಟ್ಟರೆ ಊಟ. ಪೋರ್ಟೊ ರಿಕೊದಲ್ಲಿ ಬಣ್ಣದ ಗೆರೆಯನ್ನು ಇಷ್ಟು ನಿಷ್ಠುರವಾಗಿ ಕಾಣದಿದ್ದ ಕ್ಲೆಮೆಂಟೆ ಹಟ ಹಿಡಿದರು. ಕಪ್ಪು ಆಟಗಾರರು ತಮ್ಮ ಪಾಡಿಗೆ ಓಡಾಡಲು ತಂಡದ ಆಡಳಿತ ಬೇರೆ ವಾಹನ ಕೊಡುವವರೆಗೂ ಬಿಡಲಿಲ್ಲ. ಬೇಡಿಕೆ ದೊಡ್ಡದೇನಲ್ಲ. ಆ ಕಾಲದಲ್ಲಿ ಅಷ್ಟನ್ನು ಕೇಳುವುದಕ್ಕೂ ಗುಂಡಿಗೆ ಬೇಕಿತ್ತು.

ಆಟ

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದು ಮಾತು. ಬ್ಯಾಟರ್ ಚೆಂಡನ್ನು ಹೊಡೆದು, ಫೀಲ್ಡರ್ ತಪ್ಪಿನ ಸಹಾಯವಿಲ್ಲದೆ ಸುರಕ್ಷಿತವಾಗಿ ಒಂದಾದರೂ ಬೇಸ್ ಮುಟ್ಟಿದರೆ ಅದು ಹಿಟ್. ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಪಡೆದರೆ ಉತ್ತಮ ಆಟಗಾರ, ಅದನ್ನು.300 ಎಂದು ಬರೆಯುತ್ತಾರೆ. ಕ್ಲೆಮೆಂಟೆ ವೃತ್ತಿಬದುಕಿನ ಒಟ್ಟು ಸರಾಸರಿ .317. ನ್ಯಾಷನಲ್ ಲೀಗ್‌ನ ಬ್ಯಾಟಿಂಗ್ ಕಿರೀಟ ನಾಲ್ಕು ಬಾರಿ: 1961, 1964, 1965, 1967. ಕೈಗೆಟುಕದ ಚೆಂಡನ್ನೂ ಮೈಚಾಚಿ ಹೊಡೆಯುವ ಅವರ ಶೈಲಿಯನ್ನು ಯಾವ ಕೋಚೂ ಹುಡುಗರಿಗೆ ಹೇಳಿಕೊಡಲಾರ.

ಅವರು ಕಾಯುತ್ತಿದ್ದದ್ದು ರೈಟ್ ಫೀಲ್ಡ್, ಮೈದಾನದ ಬಲಭಾಗದ ದೂರದ ಅಂಚು. ನಮ್ಮಲ್ಲಿ ಬೌಂಡರಿ ಗೆರೆಯಿಂದ ಬಂದ ಎಸೆತ ಪುಟ ಬೀಳದೆ ನೇರ ಕೀಪರ್ ಕೈ ಸೇರಿದರೆ ಜನ ಎದ್ದು ನಿಲ್ಲುತ್ತಾರಲ್ಲ, ಅಂಥದ್ದು ಕ್ಲೆಮೆಂಟೆಗೆ ದಿನದ ಕೆಲಸ. ಎದುರಾಳಿಗಳು ಅವರ ಕಡೆ ಚೆಂಡು ಹೋದರೆ ಇನ್ನೊಂದು ಬೇಸ್‌ಗೆ ಓಡುವ ಆಸೆ ಬಿಡುತ್ತಿದ್ದರು. ಉತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೌ 1961ರಿಂದ 1972ರವರೆಗೆ ಸತತ ಹನ್ನೆರಡು ವರ್ಷ ಅವರಿಗೇ ಬಂತು.

1960ರಲ್ಲಿ ಪೈರೇಟ್ಸ್, ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಏಳನೇ ಪಂದ್ಯದಲ್ಲಿ 10-9ರಿಂದ ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. ಕೊನೆಯ ಹೊಡೆತ ಬಿಲ್ ಮಜೆರೊಸ್ಕಿ ಅವರ ಹೋಮ್ ರನ್. ಏಳೂ ಪಂದ್ಯಗಳಲ್ಲಿ ಹಿಟ್ ಪಡೆದಿದ್ದ ಕ್ಲೆಮೆಂಟೆ, ಕೊನೆಯ ಪಂದ್ಯದ ಎಂಟನೇ ಇನ್ನಿಂಗ್ಸ್‌ನಲ್ಲಿ ಪ್ರಾಣ ಬಿಟ್ಟು ಓಡಿ ಬೇಸ್ ಮುಟ್ಟಿದ್ದರಿಂದಲೇ ತಂಡ ಉಸಿರು ಹಿಡಿದಿತ್ತು. ಆದರೂ ಆ ವರ್ಷದ ಶ್ರೇಷ್ಠ ಆಟಗಾರನ ಮತದಾನದಲ್ಲಿ ಅವರಿಗೆ ಎಂಟನೇ ಸ್ಥಾನ. ಪ್ರಶಸ್ತಿ ಸಹ ಆಟಗಾರ ಡಿಕ್ ಗ್ರೋಟ್‌ಗೆ ಹೋಯಿತು. ಗೆದ್ದವರ ಬಗ್ಗೆ ತಕರಾರಿರಲಿಲ್ಲ, ಎಂಟನೆಯವನಾಗಿ ಎಣಿಸಿದ್ದಕ್ಕೆ ಸಿಟ್ಟಿತ್ತು. ಮುಂದಿನ ವರ್ಷ ಅವರ ಸರಾಸರಿ .351. ಶ್ರೇಷ್ಠ ಆಟಗಾರ ಪ್ರಶಸ್ತಿ ಬರಲು ಮಾತ್ರ 1966ರವರೆಗೆ ಕಾಯಬೇಕಾಯಿತು.

ಬೇಸಿಗೆಯ ಲೀಗ್ ಮುಗಿದ ತಕ್ಷಣ ಊರು. ಎಷ್ಟೋ ಚಳಿಗಾಲ, ದೊಡ್ಡ ಸಂಬಳದ ಆಟಗಾರನಾದ ಮೇಲೂ, ಪೋರ್ಟೊ ರಿಕೊದ ಲೀಗ್‌ನಲ್ಲಿ ಆಡಿದರು. ನಂತರ ಸ್ಯಾನ್ ಹ್ವಾನ್ ತಂಡಕ್ಕೆ ಮ್ಯಾನೇಜರ್ ಕೂಡ ಆದರು. ಮೈಗೆ ವಿಶ್ರಾಂತಿ ಬೇಕೆಂದು ಪಿಟ್ಸ್‌ಬರ್ಗ್‌ನವರು ಹೇಳಿದರೂ, ತಮ್ಮ ಜನರೆದುರು ಆಡುವುದು ಸಾಲ ತೀರಿಸಿದ ಹಾಗೆ ಎಂಬ ಭಾವ ಅವರದು. 1964ರ ನವೆಂಬರ್‌ನಲ್ಲಿ ಕರೋಲಿನಾದಲ್ಲೇ ವೆರಾ ಸಬಾಲಾ ಅವರನ್ನು ಮದುವೆಯಾದರು. ಮೂವರು ಗಂಡುಮಕ್ಕಳೂ ಪೋರ್ಟೊ ರಿಕೊದಲ್ಲೇ ಹುಟ್ಟಬೇಕೆಂದು ಪಟ್ಟು ಹಿಡಿದು ಹಾಗೆಯೇ ನಡೆಸಿಕೊಂಡರು.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಕಿಂಗ್ ಅವರನ್ನು ಕ್ಲೆಮೆಂಟೆ ಬಲ್ಲರು. ಅಂತ್ಯಕ್ರಿಯೆ 9ಕ್ಕೆ, ಲೀಗ್ ಆರಂಭ 8ಕ್ಕೆ. ಕಪ್ಪು ಆಟಗಾರರು ಅತಿ ಹೆಚ್ಚಿದ್ದ ಪೈರೇಟ್ಸ್ ತಂಡ, ಕ್ಲೆಮೆಂಟೆ ಮುಂದಾಳತ್ವದಲ್ಲಿ, ಅಂತ್ಯಕ್ರಿಯೆಗೆ ಮುಂಚೆ ಆಡುವುದಿಲ್ಲ ಎಂದಿತು. ಬಿಳಿಯ ಸಹ ಆಟಗಾರರೂ ಜತೆ ನಿಂತರು. ಕೊನೆಗೆ ಇಡೀ ಲೀಗ್ 10ನೇ ತಾರೀಖಿಗೆ ಮುಂದೆ ಹೋಯಿತು.

1971ರ ವರ್ಲ್ಡ್ ಸೀರೀಸ್ ಹೊತ್ತಿಗೆ ಕ್ಲೆಮೆಂಟೆಗೆ 37. ಎದುರಾಳಿ ಬಾಲ್ಟಿಮೋರ್ ಓರಿಯೋಲ್ಸ್, ಹಿಂದಿನ ವರ್ಷದ ಚಾಂಪಿಯನ್. ಮತ್ತೆ ಏಳು ಪಂದ್ಯ, ಮತ್ತೆ ಏಳರಲ್ಲೂ ಹಿಟ್, ಸರಾಸರಿ .414. ಕೊನೆಯ ಪಂದ್ಯ ಪೈರೇಟ್ಸ್ ಗೆದ್ದದ್ದು 2-1ರಿಂದ. ಅದರಲ್ಲೊಂದು ರನ್ ಕ್ಲೆಮೆಂಟೆ ಹೋಮ್ ರನ್. ಸರಣಿ ಶ್ರೇಷ್ಠ ಪ್ರಶಸ್ತಿಯೂ ಅವರದೇ. ಗೆದ್ದ ಕೋಣೆಯಲ್ಲಿ ಅಮೆರಿಕದ ಟಿವಿ ಕ್ಯಾಮೆರಾ ಮುಂದೆ ನಿಂತಾಗ, ಇಂಗ್ಲಿಷ್‌ನಲ್ಲಿ ಉತ್ತರಿಸುವ ಮೊದಲು ಅನುಮತಿ ಕೇಳಿ ಸ್ಪ್ಯಾನಿಷ್‌ನಲ್ಲಿ ಅಪ್ಪ ಅಮ್ಮನ ಆಶೀರ್ವಾದ ಬೇಡಿದರು. ನೋಡುತ್ತಿದ್ದ ಅಮೆರಿಕನ್ನರಲ್ಲಿ ಬಹಳ ಜನಕ್ಕೆ ಅದು ಅರ್ಥವಾಗಿರಲಾರದು. ಅರ್ಥವಾಗಬೇಕಾದವರು ಕರೋಲಿನಾದಲ್ಲಿದ್ದರು.

1972: ಇನ್ನು 118

ಹೊಸ ವರ್ಷ ಬಂದಾಗ ಕ್ಲೆಮೆಂಟೆ ಖಾತೆಯಲ್ಲಿ 2,882 ಹಿಟ್. ಮೂರು ಸಾವಿರಕ್ಕೆ 118 ಬಾಕಿ. ಅದುವರೆಗೆ ಆ ಗೆರೆ ಮುಟ್ಟಿದ್ದವರು ಹತ್ತೇ ಮಂದಿ, ಅವರಲ್ಲಿ ಲ್ಯಾಟಿನ್ ಅಮೆರಿಕದವರು ಒಬ್ಬರೂ ಇಲ್ಲ.

ಋತು ತಡವಾಗಿ ಶುರುವಾಯಿತು. ಪಿಂಚಣಿ ನಿಧಿಯ ವಿಚಾರಕ್ಕೆ ಆಟಗಾರರು ಏಪ್ರಿಲ್‌ನ ಮೊದಲ ಎರಡು ವಾರ ಮುಷ್ಕರ ಹೂಡಿದ್ದರು. ಆಮೇಲೆ ಕ್ಲೆಮೆಂಟೆಗೆ ಒಂದರ ಮೇಲೊಂದು ಕಾಯಿಲೆ, ನೋವು. ಆಡಿದ್ದು 102 ಪಂದ್ಯ ಮಾತ್ರ. ಆದರೂ ಸರಾಸರಿ .312. ಸೆಪ್ಟೆಂಬರ್ ಕೊನೆಗೆ 2,999ಕ್ಕೆ ಬಂದು ನಿಂತರು.

ಸೆಪ್ಟೆಂಬರ್ 29, ಎದುರಾಳಿ ನ್ಯೂಯಾರ್ಕ್ ಮೆಟ್ಸ್, ಪಿಚರ್ ಟಾಮ್ ಸೀವರ್. ಕ್ಲೆಮೆಂಟೆ ಹೊಡೆದ ಚೆಂಡು ಎರಡನೇ ಬೇಸ್‌ನ ಫೀಲ್ಡರ್ ಕೈಯಲ್ಲಿ ನಿಲ್ಲಲಿಲ್ಲ. ಮೈದಾನವೆಲ್ಲ ಎದ್ದು ಚಪ್ಪಾಳೆ. ಆದರೆ ಅಧಿಕೃತ ಸ್ಕೋರರ್ ಅದನ್ನು ಫೀಲ್ಡರ್ ತಪ್ಪು ಎಂದು ಬರೆದರು. ಹಿಟ್ ಇಲ್ಲ. ಕ್ಲೆಮೆಂಟೆ ಕೋಪಗೊಂಡರು, ತನ್ನ ಹಿಟ್‌ಗಳನ್ನು ವರ್ಷಗಳಿಂದ ಹೀಗೇ ಕಸಿಯುತ್ತಿದ್ದಾರೆ ಎಂಬ ಹಳೆಯ ನೋವು ಮತ್ತೆ ಮೇಲೆದ್ದಿತು.

ಮರುದಿನ ಸೆಪ್ಟೆಂಬರ್ 30, ಶನಿವಾರ. ತ್ರೀ ರಿವರ್ಸ್ ಸ್ಟೇಡಿಯಂನಲ್ಲಿ ಕೇವಲ 13,117 ಜನ. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಯುವ ಎಡಗೈ ಪಿಚರ್ ಜಾನ್ ಮಾಟ್ಲಾಕ್ ಎಸೆದ ಚೆಂಡನ್ನು ಎಡ ಮಧ್ಯದ ಅಂಚಿಗೆ ಬಾರಿಸಿ ಕ್ಲೆಮೆಂಟೆ ಎರಡನೇ ಬೇಸ್ ತಲುಪಿದರು. ಈ ಸಲ ಯಾವ ಸ್ಕೋರರ್‌ಗೂ ಅನುಮಾನಕ್ಕೆ ಎಡೆ ಇರಲಿಲ್ಲ. ಬೇಸ್ ಮೇಲೆ ನಿಂತು ಟೋಪಿ ಎತ್ತಿದರು. ಸ್ವಲ್ಪ ಹೊತ್ತಿಗೆ ಅವರ ಬದಲಿಗೆ ಬ್ಯಾಟ್ ಹಿಡಿದು ಹೋದವರು ಅದೇ ಹಳೆಯ ಗೆಳೆಯ ಮಜೆರೊಸ್ಕಿ.

ಪ್ಲೇಆಫ್‌ಗೆ ಮುನ್ನ ವಿಶ್ರಾಂತಿ ಎಂದು ಉಳಿದ ಲೀಗ್ ಪಂದ್ಯಗಳಲ್ಲಿ ಅವರು ಬ್ಯಾಟ್ ಹಿಡಿಯಲಿಲ್ಲ. ಮುಂದಿನ ವರ್ಷ ಇದ್ದೇ ಇದೆಯಲ್ಲ. ಅಕ್ಟೋಬರ್ 11ರಂದು ಸಿನ್ಸಿನಾಟಿಯಲ್ಲಿ ನಿರ್ಣಾಯಕ ಪಂದ್ಯ. ಒಂಬತ್ತನೇ ಇನ್ನಿಂಗ್ಸ್‌ಗೆ 3-2ರಿಂದ ಮುಂದಿದ್ದ ಪೈರೇಟ್ಸ್, ಒಂದು ಹೋಮ್ ರನ್ ಮತ್ತು ಕೊನೆಗೆ ದಾರಿ ತಪ್ಪಿದ ಒಂದು ಎಸೆತದಿಂದ ಸೋತಿತು. ಅಮೆರಿಕದಲ್ಲಿ ಕ್ಲೆಮೆಂಟೆ ಆಟ ಅಲ್ಲಿಗೆ ಮುಗಿಯಿತು.

ಮನಾಗುವಾದ ಮೂರು ವಾರ

ನವೆಂಬರ್ 15ರಿಂದ ನಿಕರಾಗುವಾದಲ್ಲಿ ಹವ್ಯಾಸಿ ತಂಡಗಳ ವಿಶ್ವ ಬೇಸ್‌ಬಾಲ್ ಪಂದ್ಯಾವಳಿ. ಪೋರ್ಟೊ ರಿಕೊ ಹುಡುಗರ ತಂಡಕ್ಕೆ ಕ್ಲೆಮೆಂಟೆ ಮ್ಯಾನೇಜರ್ ಆಗಿ ಹೋದರು. ಮೂರು ಸಾವಿರ ಹಿಟ್‌ನ ಸಾಹುಕಾರನಿಗೆ ಇದು ಬೇಕಿರಲಿಲ್ಲ. ಆದರೆ ಮನಾಗುವಾ ಅವರಿಗೆ ಹೊಸದಲ್ಲ, 1964ರಲ್ಲೇ ಅಲ್ಲಿ ಆಡಿದ್ದರು. ಸಣ್ಣ ಮನೆಗಳು, ಎತ್ತಿನ ಗಾಡಿಗಳು, ಬೀದಿ ತುಂಬ ಆಡುವ ಮಕ್ಕಳು: ತನ್ನ ಬಾಲ್ಯದ ಪೋರ್ಟೊ ರಿಕೊ ಅಲ್ಲಿ ಕಂಡಿತು.

ಪಂದ್ಯಾವಳಿ ಗೆದ್ದದ್ದು ಕ್ಯೂಬಾ. ಆತಿಥೇಯ ನಿಕರಾಗುವಾ ಆ ಕ್ಯೂಬಾವನ್ನೇ ಒಂದು ಪಂದ್ಯದಲ್ಲಿ ಸೋಲಿಸಿದ ದಿನ ಊರಿಗೆ ಊರೇ ಹಬ್ಬ ಮಾಡಿತು. ಕ್ಲೆಮೆಂಟೆ ತಂಡದ್ದು ಹೇಳಿಕೊಳ್ಳುವ ಸಾಧನೆಯಲ್ಲ. ಅವರ ದಿನಚರಿ ಬೇರೆಯೇ ಇತ್ತು. ಬೆಳಿಗ್ಗೆ ಡಾಲರ್ ಬದಲಿಸಿ ಚಿಲ್ಲರೆ ತುಂಬಿಕೊಂಡು ಬೀದಿಗಿಳಿಯುವರು, ಬಡವರನ್ನು ಮಾತಾಡಿಸಿ ಕೊಡುತ್ತ ಹೋಗುವರು. ಆಸ್ಪತ್ರೆಯೊಂದರಲ್ಲಿ ಅಪಘಾತದಲ್ಲಿ ಕಾಲು ಕಳೆದುಕೊಂಡ ಹದಿನಾಲ್ಕರ ಹುಡುಗನೊಬ್ಬ ಸಿಕ್ಕ. ಕೃತಕ ಕಾಲಿಗೆ ಬೇಕಾದ ಹಣ ಹೊಂದಿಸಿಕೊಡುವುದಾಗಿ ಅವನಿಗೆ ಮಾತುಕೊಟ್ಟರು. ಡಿಸೆಂಬರ್ ಮೊದಲ ಭಾಗದಲ್ಲಿ ಊರಿಗೆ ಮರಳಿದರು.

ಡಿಸೆಂಬರ್ 23ರ ನಡುರಾತ್ರಿ ಕಳೆದು ಅರ್ಧ ಗಂಟೆಗೆ ಮನಾಗುವಾ ನಡುಗಿತು. ಊರಿನ ನಡುಭಾಗ ನೆಲಸಮ. ಸಾವಿರಾರು ಸಾವು, ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡರು. ಹತ್ತು ಹದಿನೈದು ದಿನದ ಹಿಂದೆ ಕೈಕುಲುಕಿದ ಜನ ಈಗ ಇದ್ದಾರೋ ಇಲ್ಲವೋ. ಆ ಹುಡುಗನ ಸುದ್ದಿಯೂ ಇಲ್ಲ.

ಗಾಯಕಿ ರೂತ್ ಫೆರ್ನಾಂಡೆಸ್ ಮತ್ತು ಟಿವಿ ನಿರೂಪಕ ಲೂಯಿಸ್ ವಿಗೊರೊ ಜತೆ ಸೇರಿ ಕ್ಲೆಮೆಂಟೆ ಪರಿಹಾರ ಸಮಿತಿ ಕಟ್ಟಿದರು. ಸ್ಯಾನ್ ಹ್ವಾನ್‌ನ ಹಿರಾಮ್ ಬಿಥೋರ್ನ್ ಸ್ಟೇಡಿಯಂ ಸಂಗ್ರಹ ಕೇಂದ್ರ. ಹೆಸರು ಕೊಟ್ಟು ಮನೆಯಲ್ಲಿ ಕೂರುವ ಅಧ್ಯಕ್ಷರಲ್ಲ ಅವರು. ಮನೆಮನೆಗೆ ಹೋಗಿ ಕೇಳಿದರು, ಪೆಟ್ಟಿಗೆ ಹೊತ್ತರು. ಕ್ರಿಸ್‌ಮಸ್ ಅಲ್ಲೇ ಕಳೆಯಿತು.

ಅಷ್ಟರಲ್ಲಿ ಮನಾಗುವಾದಿಂದ ಬೇರೆ ಸುದ್ದಿ ಬಂತು. ಸರ್ವಾಧಿಕಾರಿ ಅನಸ್ತಾಸಿಯೊ ಸೊಮೊಜಾನ ಸೈನಿಕರು ವಿಮಾನ ನಿಲ್ದಾಣದಲ್ಲೇ ಪರಿಹಾರ ಸಾಮಗ್ರಿಯನ್ನು ವಶಪಡಿಸಿಕೊಳ್ಳುತ್ತಿದ್ದಾರೆ, ಜನರಿಗೆ ತಲುಪುತ್ತಿಲ್ಲ. ತಾನೇ ಜತೆಗೆ ಹೋದರೆ ಯಾರೂ ಮುಟ್ಟಲಾರರು ಎಂದು ಕ್ಲೆಮೆಂಟೆ ಎಣಿಸಿದರು. ಬೇಸ್‌ಬಾಲ್ ಹುಚ್ಚಿನ ಆ ದೇಶದಲ್ಲಿ ಅವರ ಎಣಿಕೆ ತಪ್ಪೇನೂ ಇರಲಿಲ್ಲ.

ತಪ್ಪಿದ್ದು ವಿಮಾನದಲ್ಲಿ. ಬಾಡಿಗೆಗೆ ಸಿಕ್ಕಿದ್ದು ಹಳೆಯ ಡಿಸಿ-7 ಸರಕು ವಿಮಾನ. ಅದೇ ತಿಂಗಳ ಆರಂಭದಲ್ಲಿ ನೆಲದ ಮೇಲೆ ಓಡುವಾಗಲೇ ಅಪಘಾತಕ್ಕೀಡಾಗಿ ಪ್ರೊಪೆಲ್ಲರ್ ಜಖಂಗೊಂಡಿತ್ತು. ಹೇರಿದ ಸಾಮಾನು ಮಿತಿಗಿಂತ 4,000 ಪೌಂಡ್‌ಗೂ ಹೆಚ್ಚು. ಸಿಬ್ಬಂದಿಯೂ ಸಾಲದು. ಡಿಸೆಂಬರ್ 31ರಂದು ಹೊರಡುವುದು ಗಂಟೆಗಟ್ಟಲೆ ತಡವಾಯಿತು. ರಾತ್ರಿ 9.20ರ ಸುಮಾರಿಗೆ ಐವರನ್ನು ಹೊತ್ತ ವಿಮಾನ ಮೇಲೆದ್ದಿತು. ಎಂಜಿನ್ ಕೈಕೊಟ್ಟು ಹಿಂದಿರುಗಲು ತಿರುಗಿತು, ತೀರದಿಂದ ಸ್ವಲ್ಪವೇ ದೂರದಲ್ಲಿ ಅಟ್ಲಾಂಟಿಕ್‌ಗೆ ಬಿತ್ತು. ಯಾರೂ ಬದುಕಲಿಲ್ಲ.

ಹೊಸ ವರ್ಷದ ಬೆಳಿಗ್ಗೆ ಕಡಲ ದಂಡೆ ತುಂಬ ಜನ. ದಿನಗಟ್ಟಲೆ ನಿಂತೇ ಇದ್ದರು. ಹೊಸ ಗವರ್ನರ್ ಪದಗ್ರಹಣದ ಸಂಭ್ರಮ ರದ್ದಾಯಿತು. ಪೈರೇಟ್ಸ್‌ನ ಪನಾಮಾ ಮೂಲದ ಕ್ಯಾಚರ್ ಮ್ಯಾನಿ ಸಾಂಗಿಲ್ಲೆನ್, ತಂಡದವರೆಲ್ಲ ಶ್ರದ್ಧಾಂಜಲಿ ಪ್ರಾರ್ಥನೆಗೆ ಕೂತಿದ್ದಾಗ, ಮುಳುಗುಗಾರರ ಜತೆ ನೀರಿಗಿಳಿದು ಗೆಳೆಯನನ್ನು ಹುಡುಕುತ್ತಿದ್ದರು. ಕ್ಲೆಮೆಂಟೆ ದೇಹ ಸಿಗಲೇ ಇಲ್ಲ.

ಹೊಣೆ ಯಾರದು ಎಂಬ ಪ್ರಶ್ನೆ ಕೋರ್ಟಿಗೆ ಹೋಯಿತು. ಅಂಥ ವಿಮಾನವನ್ನು ಹಾರಲು ಬಿಟ್ಟಿದ್ದು ಅಮೆರಿಕದ ವಾಯುಯಾನ ಇಲಾಖೆಯ ನಿರ್ಲಕ್ಷ್ಯ ಎಂದು ಸತ್ತವರ ಕುಟುಂಬದವರು ವಾದಿಸಿದರು. ಕೆಳ ನ್ಯಾಯಾಲಯ ಒಪ್ಪಿತು. 1977ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು.

ತಿದ್ದಿದ ಫಲಕ

ಆಟ ಬಿಟ್ಟು ಐದು ವರ್ಷ ಕಳೆದ ಮೇಲಷ್ಟೇ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಆಯ್ಕೆ ಎಂಬುದು ನಿಯಮ. ಕ್ಲೆಮೆಂಟೆಗಾಗಿ ಅದನ್ನು ಬದಿಗಿಟ್ಟರು. 1973ರ ಮಾರ್ಚ್‌ನ ವಿಶೇಷ ಮತದಾನದಲ್ಲಿ 424ರಲ್ಲಿ 393 ಮತ ಬಂದವು. ಹಾಕಿದವರು ಪತ್ರಕರ್ತರು, ಬದುಕಿದ್ದಾಗ ಅವರ ಮಾತಿನ ಧಾಟಿಯನ್ನು ಆಡಿಕೊಂಡ ಅದೇ ವೃತ್ತಿಯವರು. ಆ ಗೌರವ ಪಡೆದ ಮೊದಲ ಲ್ಯಾಟಿನ್ ಅಮೆರಿಕದ ಆಟಗಾರ ಅವರು. ಸಮಾಜಸೇವೆಗೂ ಹೆಸರಾದ ಆಟಗಾರನಿಗೆ ಮೇಜರ್ ಲೀಗ್ ಪ್ರತಿ ವರ್ಷ ಕೊಡುವ ಪ್ರಶಸ್ತಿಗೆ ಆ ವರ್ಷದಿಂದ ಕ್ಲೆಮೆಂಟೆ ಹೆಸರಿದೆ.

ಪೈರೇಟ್ಸ್ 21ನೇ ಸಂಖ್ಯೆಯ ಜೆರ್ಸಿಯನ್ನು ಇನ್ಯಾರಿಗೂ ಕೊಡುವುದಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಮೈದಾನಕ್ಕೆ ನಡೆದುಹೋಗುವ ಸೇತುವೆಗೆ ಅವರದೇ ಹೆಸರು. ಬಡ ಮಕ್ಕಳಿಗಾಗಿ ಕರೋಲಿನಾದಲ್ಲಿ ಕ್ರೀಡಾನಗರ ಕಟ್ಟುವ ಅವರ ಕನಸನ್ನು ವೆರಾ 2019ರಲ್ಲಿ ತೀರಿಕೊಳ್ಳುವವರೆಗೂ ಹೊತ್ತು ನಡೆದರು. ನಿಕರಾಗುವಾದ ಮಸಾಯಾ ಊರಿನ ಬೇಸ್‌ಬಾಲ್ ಮೈದಾನವೂ ಅವರ ಹೆಸರಿನದೇ.

ಹಾಲ್ ಆಫ್ ಫೇಮ್‌ನ ಕಂಚಿನ ಫಲಕದ ಕಥೆ ಮಾತ್ರ ಸ್ವಲ್ಪ ಎಳೆಯಿತು. 1973ರಲ್ಲಿ ಅದರ ಮೇಲೆ ಅಮೆರಿಕದ ರೂಢಿಯಂತೆ ರೊಬೆರ್ಟೊ ವಾಕರ್ ಕ್ಲೆಮೆಂಟೆ ಎಂದು ಕೆತ್ತಿದ್ದರು. ತಾಯಿಯ ಮನೆತನದ ಹೆಸರು ನಡುವೆ ಸಿಕ್ಕಿಕೊಂಡಿತ್ತು. 2000ನೇ ಇಸವಿಯಲ್ಲಿ ಆ ಫಲಕ ತೆಗೆದು ಹೊಸದನ್ನು ಹಾಕಿದರು. ಈಗ ಅದರ ಮೇಲಿರುವುದು ರೊಬೆರ್ಟೊ ಕ್ಲೆಮೆಂಟೆ ವಾಕರ್.